ಕನ್ವರ್ಷನ್ ಥೆರಪಿ ಅಂದರೆ ಏನು?

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಇಷ್ಟಪಡುವುದು ಒಂದು ಕಾಯಿಲೆ ಅಂತ ತಿಳಿದು, ಅದನ್ನು ಸರಿ ಮಾಡಲು ಹೊರಡುವುದಕ್ಕೆ ಕನ್ವರ್ಷನ್ ಥೆರಪಿ ಅನ್ನುತ್ತಾರೆ. ಮಾತ್ರೆ, ಕರೆಂಟ್ ಶಾಕ್, ತಿಂಗಳುಗಟ್ಟಲೆ ಕೌನ್ಸೆಲಿಂಗ್ ಎಲ್ಲ ಇದರಲ್ಲಿ ಬರುತ್ತವೆ. ಟ್ರಾನ್ಸ್‌ಜೆಂಡರ್ ಮಕ್ಕಳನ್ನೂ ಬಿಡುವುದಿಲ್ಲ.

ನಮ್ಮ ಕಾಸರಗೋಡಿನ ಕಡೆ ಈ ಹೆಸರು ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಕೆಲಸ ಗೊತ್ತು. ಮಗನ ಫೋನಿನಲ್ಲಿ ಏನೋ ಕಂಡಿತು ಅಂತಿಟ್ಟುಕೊಳ್ಳಿ. ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ, ಏನೋ ಬಾಧೆ ಅಂತ ಬಂದರೆ ನೂಲು ಕಟ್ಟಿಸುತ್ತಾರೆ, ಅದರಲ್ಲೂ ಆಗದಿದ್ದರೆ ಊರಿನವರ ಕಣ್ಣಿಗೆ ಬೀಳದ ಹಾಗೆ ತಲಪಾಡಿ ದಾಟಿ ಮಂಗಳೂರಿನ ಡಾಕ್ಟರ ಹತ್ತಿರ ಹೋಗುತ್ತಾರೆ. "ಒಂದು ಮದುವೆ ಮಾಡಿಸಿ, ಎಲ್ಲ ಸರಿಯಾಗ್ತದೆ ಮಾರಾಯ್ರೆ" ಅನ್ನುವ ಮಾವನೊಬ್ಬ ಇದ್ದೇ ಇರುತ್ತಾನೆ. ಆ ಮದುವೆಯೂ ಇದೇ ಜಾತಿಯ ಚಿಕಿತ್ಸೆ ಅಂತ ನನ್ನ ಲೆಕ್ಕ. ಮದುವೆಯಾಗಿ ಬಂದ ಹುಡುಗಿಯ ಗತಿ ಏನು ಅಂತ ಮಾವ ಕೇಳುವುದಿಲ್ಲ, ಅಲ್ವಾ?

ಮೊದಲನೆಯದಾಗಿ ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಇಷ್ಟಪಡುವುದು ಕಾಯಿಲೆಯೇ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದವು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಸ್ಪಷ್ಟವಾಗಿದೆ: ಸಮಾಜದ ರೀತಿನೀತಿಗೆ ಹೊಂದುವುದಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನುವ ಹಾಗಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಇಂಥ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಬಗ್ಗೆ ತೀರ್ಪು ಕೊಟ್ಟ ಮೇಲೆ ಇದು ಅಪರಾಧವೂ ಅಲ್ಲ. ಹಾಗಾದರೆ ಗುಣ ಮಾಡುವುದು ಏನನ್ನು? ಇಷ್ಟ ಬದಲಾಗುವುದಿಲ್ಲ. ಹುಡುಗ ಸುಳ್ಳು ಹೇಳಲು ಕಲಿಯುತ್ತಾನೆ, ಒಳಗೊಳಗೇ ಕುಗ್ಗುತ್ತಾನೆ, ಕೆಲವರು ಸಾಯುವ ಯೋಚನೆಗೂ ಹೋಗುತ್ತಾರೆ.

ಮನೆಯವರಿಗೆ ಹೆದರಿ ಮಧುರೈಯಿಂದ ಚೆನ್ನೈಗೆ ಬಂದ ಇಬ್ಬರು ಹುಡುಗಿಯರ ಕೇಸಿನಲ್ಲಿ ಮದ್ರಾಸ್ ಹೈಕೋರ್ಟ್ 2021ರ ಜೂನ್‌ನಲ್ಲಿ ಈ ಚಿಕಿತ್ಸೆಗೆ ತಡೆ ಹಾಕಿತು. ತನಗೆ ಈ ವಿಷಯ ಸರಿಯಾಗಿ ಗೊತ್ತಿಲ್ಲ ಅಂತ ಜಡ್ಜ್ ಆನಂದ್ ವೆಂಕಟೇಶ್ ತಾವೇ ಮನಃಶಾಸ್ತ್ರಜ್ಞರ ಹತ್ತಿರ ಹೋಗಿ ಕೂತು ಬಂದರು, ಅದು ನನಗೆ ಬಹಳ ಹಿಡಿಸಿತು. ಅದೇ ಕೇಸಿನ ಮುಂದುವರಿಕೆಯಾಗಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಕನ್ವರ್ಷನ್ ಥೆರಪಿ ಮಾಡುವುದು ವೃತ್ತಿ ದುರ್ನಡತೆ ಅಂತ ಎಲ್ಲ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆಯಿತು. ಅಂದರೆ ಮಂಗಳೂರಿನ ಡಾಕ್ಟರಾಗಲಿ ಕಾಸರಗೋಡಿನವರಾಗಲಿ ಹೀಗೆ ಮಾಡಿದರೆ ಅವರು ರಿಜಿಸ್ಟರ್ ಆಗಿರುವ ಮಂಡಳಿಗೆ ದೂರು ಕೊಡಬಹುದು. ಚೀಟಿ, ಬಿಲ್ಲು ಎಲ್ಲ ತೆಗೆದಿಟ್ಟುಕೊಳ್ಳಿ.

ಇದರಲ್ಲಿ ದೊಡ್ಡ ತೂತು ಒಂದಿದೆ. ಜೋಯಿಸರು, ಬೋರ್ಡು ಹಾಕಿಕೊಂಡ ಕೌನ್ಸೆಲರು ಯಾವ ವೈದ್ಯಕೀಯ ಮಂಡಳಿಗೂ ಸೇರಿದವರಲ್ಲ. ಇದಕ್ಕೇ ಅಂತ ಪಾರ್ಲಿಮೆಂಟ್ ಕಾನೂನನ್ನೂ ಮಾಡಿಲ್ಲ.

ಪ್ರಾಯಕ್ಕೆ ಬಂದವರನ್ನು ಮನೆಯಲ್ಲಿ ಕೂಡಿಹಾಕಿದರೆ ಮಾತ್ರ ದಾರಿ ಇದೆ. ಜೊತೆಗಾರರು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸಿ ಅನ್ನುವ ಅರ್ಜಿ, ಹಾಕಬಹುದು. ಕೇರಳದ್ದೇ ಇಂಥ ಒಂದು ಕೇಸಿನಲ್ಲಿ ಹೈಕೋರ್ಟ್ ಹುಡುಗಿಯನ್ನು ಕೌನ್ಸೆಲಿಂಗಿಗೆ ಕಳಿಸಿತ್ತು. ಅದು ಸುಪ್ರೀಂ ಕೋರ್ಟಿಗೆ ಹೋದಾಗ, 2024ರ ಮಾರ್ಚ್‌ನಲ್ಲಿ ಎಲ್ಲ ಕೋರ್ಟುಗಳಿಗೂ ಸೂಚನೆ ಬಂತು: ಕೌನ್ಸೆಲಿಂಗ್ ನೆಪದಲ್ಲಿ ಅವರ ಒಲವನ್ನು ಬದಲಿಸಲು ಹೋಗಬೇಡಿ, ಅಪ್ಪ ಅಮ್ಮ ಪಕ್ಕದಲ್ಲಿ ಇಲ್ಲದಾಗ ಅವರ ಮಾತು ಕೇಳಿ, ಅರ್ಜಿ ಹಾಕಿದವರಿಗೂ ಅವರಿಗೂ ಸಂಬಂಧ ಏನು ಅಂತ ಕೆದಕಬೇಡಿ.