ಸಂಪಿಗೆ ಅಂದ್ರೆ ಯಾವ ಸಂಪಿಗೆ?

ಶಿರಸಿಯಲ್ಲಿ ನರ್ಸರಿ ನಡೆಸುವ ನನಗೆ ಮಳೆ ಶುರುವಾದರೆ ಫೋನಿಗೆ ಬಿಡುವಿಲ್ಲ. ಜೂನಿನಲ್ಲಿ ಕಾರವಾರದ ಅಕ್ಕ ಒಬ್ಬರು, "ಬಾವಿಕಟ್ಟೆ ಹತ್ರ ನೆಡೋಕೆ ಒಂದು ಸಂಪಿಗೆ ಸಸಿ ಕಳಿಸಿ ತಂಗೀ" ಎಂದರು. ಬಸ್ಸಿಗೆ ಹಾಕಿ ಕಳಿಸಿದೆ. ಸಂಜೆಯೇ ಮತ್ತೆ ಫೋನು: "ಇದಲ್ಲ ತಂಗಿ, ಎಲೆ ಮುರಿದ್ರೆ ಹಾಲು ಬರ್ತದಲ್ಲ, ಅದು."

ಅವರಿಗೆ ಬೇಕಿದ್ದದ್ದು ಗೋಸಂಪಿಗೆ, ಪ್ಲುಮೇರಿಯಾ. ನಾನು ಕಳಿಸಿದ್ದು ಕೆಂಡಸಂಪಿಗೆ, ಮ್ಯಾಗ್ನೋಲಿಯಾ ಚಂಪಕ. ಮರಾಠಿಯಲ್ಲಿ ಎರಡಕ್ಕೂ ಚಾಫಾ ಎನ್ನುತ್ತಾರೆ, ಗಡಿ ಊರಿನಲ್ಲಿ ಗೊಂದಲ ಸಹಜ. ಆದರೆ ಗೋಸಂಪಿಗೆ ಅಂಗಳದ ಗಿಡ. ಕೆಂಡಸಂಪಿಗೆ 30 ಮೀಟರ್ ಎತ್ತರಕ್ಕೂ ಹೋಗುವ ಮರ. ಬಾವಿಕಟ್ಟೆಗೆ ಅದನ್ನು ನೆಟ್ಟಿದ್ದರೆ ಮುಂದೆ ಕಡಿಯಬೇಕಾಗುತ್ತಿತ್ತು. ಇನ್ನು ನಾಗಸಂಪಿಗೆ ಮೆಸುವಾ ಫೆರಿಯಾ, ಹಸಿರು ಸಂಪಿಗೆ ಆರ್ಟಬಾಟ್ರಿಸ್. ನಾಲ್ಕೂ ಬೇರೆ ಬೇರೆ ಕುಟುಂಬದವು. ಪರಿಮಳ ಬಿಟ್ಟರೆ ಒಂದಕ್ಕೊಂದು ಹೋಲಿಕೆ ಕಡಿಮೆ.

ಒಂದು ಗಿಡಕ್ಕೆ ಎರಡು ಪದದ ಸಸ್ಯಶಾಸ್ತ್ರದ ಹೆಸರು ಎಂಬ ಪದ್ಧತಿಯನ್ನು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಗಟ್ಟಿ ಮಾಡಿದ. ಈ ಹೆಸರೂ ಆಗಾಗ ಬದಲಾಗುತ್ತದೆ. ಹಳೆ ಪುಸ್ತಕದಲ್ಲಿ ಕೆಂಡಸಂಪಿಗೆ ಮಿಶೇಲಿಯಾ ಚಂಪಕ. ಮೊದಲ ಪದ ಬದಲಾದರೂ ಎರಡನೆಯದು ಸಾಮಾನ್ಯವಾಗಿ ಉಳಿಯುತ್ತದೆ, ಅದನ್ನು ಹಿಡಿದು ಹುಡುಕಿ. ಇಲ್ಲಿ ಉಳಿದದ್ದು ನಮ್ಮದೇ 'ಚಂಪಕ', ನೋಡಿ!

ಅಡಿಕೆ ಸೀಮೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು. ಕುಂಡದಲ್ಲಿ 'ಅರೆಕಾ ಪಾಮ್' ಅಂತ ಮಾರುವ ಗಿಡ ಅಡಿಕೆ ಅಲ್ಲ. ಅದು ಕ್ರೈಸಾಲಿಡೊಕಾರ್ಪಸ್ ಲುಟೆಸೆನ್ಸ್ (ಹಳೆ ಹೆಸರು ಡಿಪ್ಸಿಸ್ ಲುಟೆಸೆನ್ಸ್), ಮಡಗಾಸ್ಕರ್‌ನದು. ಬುಡ ನೋಡಿದರೆ ಸಾಕು: ಹಳದಿ ಕಾಂಡಗಳು ಗುಂಪಾಗಿ ಎದ್ದಿರುತ್ತವೆ. ಅಡಿಕೆಗೆ ಒಂದೇ ಕಾಂಡ. ಅಡಿಕೆಯೇ ನಿಜವಾದ ಅರೆಕಾ, ಅರೆಕಾ ಕಟೆಚು. ಆ 'ಅರೆಕಾ' ಎಂಬ ಪದವೂ ಮಲಯಾಳದ ಅಡಕ್ಕದಿಂದ ಪೋರ್ಚುಗೀಸರ ಬಾಯಿಗೆ ಬಂದದ್ದು. ಅಡಕ್ಕ, ಅಡಿಕೆ, ಒಂದೇ ಬೇರಿನ ಪದಗಳು.

ಔಷಧಿ ಗಿಡದಲ್ಲಿ ಮಾತ್ರ ನಾನು ಬಹಳ ಬಿಗಿ. ಬ್ರಾಹ್ಮಿ ಕೊಡಿ ಎಂದರೆ ಎರಡು ಕುಂಡ ಮುಂದಿಡುತ್ತೇನೆ. ತಂಬುಳಿಗೆ ಹಾಕುವ ಒಂದೆಲಗ ಸೆಂಟೆಲ್ಲಾ ಏಷ್ಯಾಟಿಕಾ: ಉದ್ದ ತೊಟ್ಟಿನ ತುದಿಗೆ ದುಂಡನೆ ಎಲೆ, ಅಂಚು ಕಚ್ಚುಕಚ್ಚು. ನೀರುಬ್ರಾಹ್ಮಿ ಬಕೋಪಾ ಮೊನ್ನಿಯೇರಿ: ಸಣ್ಣ ದಪ್ಪ ಎಲೆಗಳು ಎದುರುಬದುರು. ವೈದ್ಯರು ಬರೆದದ್ದು ಯಾವುದು ಅಂತ ಕೇಳದೆ ಕೊಡುವುದಿಲ್ಲ.

ಹಾಗಂತ ಊರಿನ ಹೆಸರು ಬಿಡಬೇಡಿ. ಅಬ್ಬಲಿಗೆ ದಂಡೆ ಕಟ್ಟುವವರಿಗೆ ಸುಮ್ನೆ ಕ್ರಾಸಾಂಡ್ರಾ ಅಂದರೆ ಏನು ತಿಳಿಯುತ್ತದೆ? ಈಗ ನಮ್ಮ ಪ್ರತಿ ಕುಂಡದ ಚೀಟಿಯಲ್ಲೂ ಮೇಲೆ ಊರ ಹೆಸರು, ಕೆಳಗೆ ಸಸ್ಯಶಾಸ್ತ್ರದ ಹೆಸರು ಇರುತ್ತದೆ.

ಕಾರವಾರದ ಅಕ್ಕನಿಗೆ ಗೋಸಂಪಿಗೆಯ ಟೊಂಗೆಯನ್ನೇ ಕಳಿಸಿದೆ. ಕಡಿದ ಜಾಗದ ಹಾಲು ಒಣಗಲಿ ಎಂದು ಒಂದು ವಾರ ನೆರಳಲ್ಲಿಟ್ಟು, ಚೀಟಿ ಕಟ್ಟಿ: ಗೋಸಂಪಿಗೆ, ಪ್ಲುಮೇರಿಯಾ ರೂಬ್ರಾ.