ಶಿಲೀಂಧ್ರ ನಮ್ಮ ಹತ್ತಿರದ ನೆಂಟ: ಆಂಟಿಫಂಗಲ್ ಔಷಧಿಗಳ ಟಿಪ್ಪಣಿ

ಈ ಪಾಠವನ್ನು ಮೊದಲ ಸಲ ಓದಿದಾಗ ನಾನು ಔಷಧಿಗಳ ಹೆಸರನ್ನು ಬಾಯಿಪಾಠ ಮಾಡಿದ್ದೆ. ಪರೀಕ್ಷೆ ಮುಗಿದು ವಾರ ಕಳೆಯುವಷ್ಟರಲ್ಲಿ ಎಲ್ಲ ಮರೆತುಹೋಗಿತ್ತು. ಎರಡನೇ ಸಲ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಓದಿದೆ. ಬ್ಯಾಕ್ಟೀರಿಯಾ ಕೊಲ್ಲಲು ಅಷ್ಟೊಂದು ಔಷಧಿಗಳಿವೆ, ಶಿಲೀಂಧ್ರಕ್ಕೆ ಯಾಕೆ ಇಷ್ಟು ಕಡಿಮೆ? ಉತ್ತರ ಸಿಕ್ಕ ಮೇಲೆ ಉಳಿದದ್ದೆಲ್ಲ ತಾನಾಗಿ ನೆನಪಲ್ಲಿ ನಿಂತಿತು.

ಬ್ಯಾಕ್ಟೀರಿಯಾ ನಮಗೆ ತುಂಬ ದೂರದ ಜೀವಿ. ಶಿಲೀಂಧ್ರ ಹಾಗಲ್ಲ. ಅದರ ಕೋಶಕ್ಕೂ ನಮ್ಮ ಹಾಗೇ ನ್ಯೂಕ್ಲಿಯಸ್ ಇದೆ, ಒಳಗಿನ ಕೆಲಸಗಳೂ ಹೆಚ್ಚುಕಡಿಮೆ ನಮ್ಮ ಹಾಗೇ ನಡೆಯುತ್ತವೆ. ಹಾಗಾಗಿ ಅದಕ್ಕೆ ಹೊಡೆದರೆ ನಮಗೂ ತಾಗುತ್ತದೆ. ನಮಗೆ ಸಿಕ್ಕಿರುವ ದೊಡ್ಡ ವ್ಯತ್ಯಾಸ ಎರಡೇ. ಒಂದು, ಅದಕ್ಕೆ ಗಟ್ಟಿ ಕೋಶಗೋಡೆ ಇದೆ, ನಮಗಿಲ್ಲ. ಇನ್ನೊಂದು, ನಮ್ಮ ಕೋಶದ ಪೊರೆಯಲ್ಲಿ ಕೊಲೆಸ್ಟ್ರಾಲ್ ಇರುವ ಜಾಗದಲ್ಲಿ ಅದಕ್ಕೆ ಎರ್ಗೋಸ್ಟೆರಾಲ್ ಇದೆ. ನಾವು ದಿನಾ ಕೇಳುವ ಔಷಧಿಗಳಲ್ಲಿ ಹೆಚ್ಚಿನವು ಈ ಎರ್ಗೋಸ್ಟೆರಾಲನ್ನೇ ಹಿಡಿಯುತ್ತವೆ. ಟೆರ್ಬಿನಾಫಿನ್ ಅದರ ತಯಾರಿಯನ್ನು ಮೊದಲ ಹಂತಗಳಲ್ಲೇ ತಡೆಯುತ್ತದೆ. ಹೆಸರಿನ ಕೊನೆಯಲ್ಲಿ 'ಕೊನಜೋಲ್' ಇರುವವು ಸ್ವಲ್ಪ ಮುಂದಿನ ಹಂತದಲ್ಲಿ ತಡೆಯುತ್ತವೆ. ಆಂಫೊಟೆರಿಸಿನ್ ಬಿ ತಯಾರಾದ ಎರ್ಗೋಸ್ಟೆರಾಲಿಗೇ ಹೋಗಿ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ.

ಕೊನಜೋಲ್‌ಗಳು ತಡೆಯುವ ಕಿಣ್ವ ಸೈಟೋಕ್ರೋಮ್ ಪಿ450 ಎಂಬ ಕುಟುಂಬಕ್ಕೆ ಸೇರಿದ್ದು. ನಮ್ಮ ಲಿವರ್‌ನಲ್ಲಿ ಮಾತ್ರೆಗಳನ್ನು ಒಡೆದು ಹೊರಗೆ ಸಾಗಿಸುವ ಕಿಣ್ವಗಳೂ ಅದೇ ಕುಟುಂಬದವು, ಹಾಗಾಗಿ ಕೊನಜೋಲ್ ಅವನ್ನೂ ತಡೆಯುತ್ತದೆ! ಈ ಒಂದು ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಪುಸ್ತಕದಲ್ಲಿ ಎರಡು ಪುಟ ತುಂಬಿರುವ 'ಬೇರೆ ಔಷಧಿಗಳ ಜೊತೆ ಕೊಡಬಾರದು' ಪಟ್ಟಿ ಹುಟ್ಟುವುದು ಇಲ್ಲಿಂದಲೇ.

ಉದಾಹರಣೆಗೆ, ಒಬ್ಬರು ಕೊಲೆಸ್ಟ್ರಾಲ್ ಇಳಿಸಲು ಸಿಮ್ವಾಸ್ಟಾಟಿನ್ ನುಂಗುತ್ತಿದ್ದಾರೆ ಅಂದುಕೊಳ್ಳಿ. ಉಗುರಿನ ಸೋಂಕಿಗೆ ಇಟ್ರಾಕೊನಜೋಲ್ ಶುರುವಾಯಿತು. ಸಿಮ್ವಾಸ್ಟಾಟಿನ್ ಹೊರಹೋಗುವ ದಾರಿ ಮುಚ್ಚಿತು. ದಿನಾ ಅದೇ ಒಂದು ಮಾತ್ರೆ ನುಂಗಿದರೂ ರಕ್ತದಲ್ಲಿ ಅದರ ಪ್ರಮಾಣ ತುಂಬ ಏರಿಬಿಡುತ್ತದೆ. ಕೊನೆಗೆ ಸ್ನಾಯು ನೋವು, ನಿಶ್ಶಕ್ತಿ, ಕೋಲಾ ಬಣ್ಣದ ಮೂತ್ರ. ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳುವವರೆಗೂ ಹೋಗಬಹುದು. ಅದಕ್ಕೇ ಈ ಜೋಡಿ ಪೂರ್ತಿ ನಿಷಿದ್ಧ. ಫ್ಲುಕೊನಜೋಲ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇರಿದರೆ ರಕ್ತಸ್ರಾವದ ಭಯ, ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆ ಸೇರಿದರೆ ಸಕ್ಕರೆ ತೀರ ಇಳಿಯುವ ಭಯ. ಕಾರಣ ಅದೇ, ಕಿಣ್ವ ಮಾತ್ರ ಬೇರೆ.

'ನಾನು ನುಂಗಲಿಲ್ಲ, ಬಾಯೊಳಗೆ ಜೆಲ್ ಹಚ್ಚಿಕೊಂಡೆ ಅಷ್ಟೇ' ಎನ್ನುವವರೂ ಇರುತ್ತಾರೆ. ಮೈಕೊನಜೋಲ್ ಬಾಯಿ ಜೆಲ್ ಕೂಡ ವಾರ್ಫರಿನ್‌ನ ಪರಿಣಾಮವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಆದ್ದರಿಂದ ರೋಗಿಯನ್ನು ಕೇಳುವಾಗ 'ಏನು ಮಾತ್ರೆ ತಗೊಳ್ತೀರಿ?' ಅಂತ ಮಾತ್ರ ಕೇಳಬೇಡಿ. ಜೆಲ್, ಮುಲಾಮು, ಸಿರಪ್ ಎಲ್ಲ ಕೇಳಿ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ರಕ್ತದಲ್ಲಿ ಫ್ಲುಕೊನಜೋಲ್ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಬೇಕು. ಯೋನಿಯಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರದಿಂದಾಗುವ ಸೋಂಕಿಗೆ 150 ಮಿಲಿಗ್ರಾಂನ ಒಂದೇ ಮಾತ್ರೆ ಸಾಕಾಗುವುದು ಅದಕ್ಕೇ. ಆದರೆ ಕಿಣ್ವ ತಡೆಯುವ ಗುಣವೂ ಅಷ್ಟೇ ದಿನ ಉಳಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ನಾಲ್ಕೈದು ದಿನ ಎಚ್ಚರ ಬೇಕು. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಈ ಒಂದು ಮಾತ್ರೆಯನ್ನೂ ಸುಮ್ನೆ ತಗೊಳ್ಳಬಾರದು. ಸಾಮಾನ್ಯವಾಗಿ ವೈದ್ಯರು ಕ್ಲೋಟ್ರಿಮಜೋಲ್‌ನಂಥ, ಒಳಗೆ ಇಡುವ ಔಷಧಿಯನ್ನೇ ಆರಿಸುತ್ತಾರೆ.

ಈಗ ಹೊಟ್ಟೆಯ ವಿಷಯ. ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಲ್ಯಾಬ್‌ನಲ್ಲಿ ಬಿಡಿಸಿ ನೋಡಿದ್ದೆವು. ಒಳಗೆ ಪುಡಿ ಇರಲಿಲ್ಲ, ಸಾಸಿವೆಯಂಥ ಸಣ್ಣ ಗುಂಡುಗಳಿದ್ದವು. ಔಷಧಿ ಆ ಗುಂಡುಗಳ ಮೇಲೆ ಲೇಪವಾಗಿರುತ್ತದೆ. ನೀರಿನಲ್ಲಿ ಅದು ಕರಗುವುದೇ ಇಲ್ಲ ಅನ್ನಬಹುದು. ಕರಗಲು ಹೊಟ್ಟೆಯ ಆಮ್ಲ ಬೇಕೇ ಬೇಕು. ಆದ್ದರಿಂದ ಕ್ಯಾಪ್ಸೂಲನ್ನು ಹೊಟ್ಟೆತುಂಬ ಊಟವಾದ ತಕ್ಷಣ ನುಂಗಬೇಕು, ಇಡೀ ಆಗಿಯೇ ನುಂಗಬೇಕು. ಒಮೆಪ್ರಜೋಲ್‌ನಂಥ ಆಸಿಡಿಟಿ ಮಾತ್ರೆ ನಡೆಯುತ್ತಿದ್ದರೆ ಇಟ್ರಾಕೊನಜೋಲ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಆಗ 'ಔಷಧಿ ಕೆಲಸ ಮಾಡ್ತಿಲ್ಲ' ಅಂತ ದೂರು ಬರುತ್ತದೆ. ಆದರೆ ಅದೇ ಇಟ್ರಾಕೊನಜೋಲ್ ದ್ರವ ರೂಪದಲ್ಲಿದ್ದರೆ ಖಾಲಿ ಹೊಟ್ಟೆಯಲ್ಲೇ ಕುಡಿಯಬೇಕು. ಪರೀಕ್ಷೆಯಲ್ಲೂ ಕೆಲಸದಲ್ಲೂ ಎಲ್ಲರೂ ತಪ್ಪುವ ಜಾಗ ಇದು. ಗ್ರಿಸಿಯೋಫುಲ್ವಿನ್ ಎಂಬ ಇನ್ನೊಂದು ಶಿಲೀಂಧ್ರ ಔಷಧಿಗೆ ಕೊಬ್ಬಿರುವ ಊಟ ಬೇಕು. ಟೆರ್ಬಿನಾಫಿನ್ ಮಾತ್ರೆಗೆ ಇಂಥ ಕಟ್ಟುನಿಟ್ಟು ಇಲ್ಲ.

ಹೃದಯ ದುರ್ಬಲವಾಗಿರುವವರಿಗೆ ಉಗುರಿನ ಸೋಂಕಿಗಾಗಿ ಇಟ್ರಾಕೊನಜೋಲ್ ಕೊಡುವಂತಿಲ್ಲ. ಅದು ಹೃದಯದ ಹಿಂಡುವ ಶಕ್ತಿಯನ್ನು ಕಡಿಮೆ ಮಾಡುತ್ತದೆ. ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ನಿಲ್ಲಿಸಿ ವೈದ್ಯರಿಗೆ ಹೇಳಲೇಬೇಕು. ಲಿವರ್ ಕಡೆಗೂ ಕಣ್ಣಿರಲಿ. ನುಂಗುವ ಕೀಟೊಕೊನಜೋಲ್ ಲಿವರ್‌ಗೆ ಎಷ್ಟು ಹಾನಿ ಮಾಡುತ್ತದೆಂದರೆ, 2013ರಲ್ಲಿ ಯುರೋಪಿನ ಔಷಧ ಸಂಸ್ಥೆ ಶಿಲೀಂಧ್ರ ಸೋಂಕಿಗೆ ಅದರ ಬಳಕೆ ನಿಲ್ಲಿಸಲು ಶಿಫಾರಸು ಮಾಡಿತು. ಟೆರ್ಬಿನಾಫಿನ್ ಅಷ್ಟು ಕೆಟ್ಟದ್ದಲ್ಲ, ಆದರೂ ಶುರುಮಾಡುವ ಮೊದಲು ಲಿವರ್ ಪರೀಕ್ಷೆ ಮಾಡಿಸುವುದು ಒಳ್ಳೆಯ ಪದ್ಧತಿ. ಹಸಿವಿಲ್ಲದಿರುವುದು, ಬಿಡದ ಸುಸ್ತು, ಗಾಢ ಮೂತ್ರ, ಬಿಳಿಚಿದ ಮಲ, ಹಳದಿ ಕಣ್ಣು ಕಂಡರೆ ಮುಂದಿನ ಮಾತ್ರೆ ನುಂಗುವ ಹಾಗಿಲ್ಲ. ಟೆರ್ಬಿನಾಫಿನ್‌ನಿಂದ ಕೆಲವರಿಗೆ ನಾಲಿಗೆಯ ರುಚಿಯೇ ಹೋಗಿಬಿಡುತ್ತದೆ, ಮರಳಲು ವಾರಗಳು, ತಿಂಗಳುಗಳೇ ಹಿಡಿಯಬಹುದು. ಇದನ್ನು ಮೊದಲೇ ಹೇಳಿಡಿ, ಪಾಪ, ಹೆದರಿಬಿಡುತ್ತಾರೆ.

ಕಾಲಿನ ಉಗುರಿಗೆ ಟೆರ್ಬಿನಾಫಿನ್ 12 ವಾರ, ಕೈ ಉಗುರಿಗೆ 6 ವಾರ. ಇಷ್ಟು ದಿನ ನುಂಗಿಸುವ ಮೊದಲು ಅದು ಶಿಲೀಂಧ್ರವೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಬೇಕು, ಅಲ್ವಾ? ಸೋರಿಯಾಸಿಸ್ ಎಂಬ ಚರ್ಮರೋಗದಿಂದಲೂ ಉಗುರು ಹಾಗೇ ದಪ್ಪವಾಗುತ್ತದೆ. ಕೆರೆದು ತೆಗೆದ ಪುಡಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಕಾದರೆ ಉಗುರಿನ ಕೋಶಗಳು ಕರಗಿ ತಿಳಿಯಾಗುತ್ತವೆ. ಆಗ ಸೂಕ್ಷ್ಮದರ್ಶಕದಲ್ಲಿ ಬಿದಿರಿನ ಗಣ್ಣಿನಂಥ ಅಡ್ಡಗೆರೆಗಳಿರುವ ಉದ್ದ ಎಳೆಗಳು ಕಾಣುತ್ತವೆ. ಮೊದಲ ಸಲ ಅವನ್ನು ನಾನೇ ಹುಡುಕಿ ಕಂಡಾಗ ಆದ ಖುಷಿ ಇನ್ನೂ ನೆನಪಿದೆ.

ಇನ್ನು ಹುಳುಕಡ್ಡಿ. ನನ್ನ ತಮ್ಮನ ತೋಳಿನ ಮೇಲೆ ಒಂದು ಆಗಿತ್ತು. ನಡುವೆ ಚರ್ಮ ಸರಿಯಾದಂತೆ ಕಾಣುತ್ತಿತ್ತು, ಸುತ್ತ ಕೆಂಪಗೆ ಉಬ್ಬಿದ, ಹೊಟ್ಟು ಏಳುವ ಅಂಚು. ಅವನು ನಡುವೆ ಮಾತ್ರ ಕ್ರೀಮ್ ಹಚ್ಚಿ, ಐದನೇ ದಿನ ತುರಿಕೆ ನಿಂತಿತು ಅಂತ ಬಿಟ್ಟ. ಎರಡು ವಾರದಲ್ಲಿ ಉಂಗುರ ಇನ್ನೂ ದೊಡ್ಡದಾಗಿ ಬಂತು. ಶಿಲೀಂಧ್ರ ಚುರುಕಾಗಿ ಬೆಳೆಯುವುದು ಆ ಅಂಚಿನಲ್ಲಿ. ಅಂಚು ದಾಟಿ ಸುಮಾರು 2 ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ತೊಳೆದು ಚೆನ್ನಾಗಿ ಒರೆಸಿದ ಮೇಲೆ ಹಚ್ಚಬೇಕು. ಕ್ಲೋಟ್ರಿಮಜೋಲ್ ಆದರೆ ಕಲೆ ಮಾಯವಾದ ಮೇಲೂ ಒಂದೆರಡು ವಾರ ಬಿಡಬಾರದು.

ಸ್ಟಿರಾಯ್ಡ್ ಬೆರೆಸಿದ ಕ್ರೀಮ್ ಬಗ್ಗೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಚ್ಚಿದ ಎರಡೇ ದಿನಕ್ಕೆ ಕೆಂಪು, ತುರಿಕೆ ಎರಡೂ ಇಳಿಯುತ್ತವೆ. ಆದರೆ ಇಳಿದದ್ದು ನಮ್ಮ ಮೈಯ ಪ್ರತಿರೋಧ. ಶಿಲೀಂಧ್ರ ಅಡ್ಡಿಯಿಲ್ಲದೆ ಹರಡುತ್ತದೆ, ಉಂಗುರದ ಗುರುತೂ ಕೆಟ್ಟು ವೈದ್ಯರಿಗೇ ಹಿಡಿಯುವುದು ಕಷ್ಟವಾಗುತ್ತದೆ. ಮೇಲಿಂದ ಚರ್ಮ ತೆಳ್ಳಗಾಗಿ ಬಿರಿಯುತ್ತದೆ. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೀಟಾಮೆಥಸೋನ್ ಎಂಬ ಹೆಸರಿದ್ದರೆ ವೈದ್ಯರು ಹೇಳದೆ ಹಚ್ಚಬೇಡಿ.

ವಾರ್ಡ್‌ನಲ್ಲಿ ಕೆಲಸ ಮಾಡುವವರಿಗೆ ಆಂಫೊಟೆರಿಸಿನ್ ಬಗ್ಗೆ ಒಂದು ಮಾತು. ಇದು ಎರಡು ಬಗೆಯಲ್ಲಿ ಬರುತ್ತದೆ, ಹಳೆಯದು ಮತ್ತು ಲೈಪೋಸೋಮಲ್ (ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ಸೇರಿಸಿದ್ದು). ಲೈಪೋಸೋಮಲ್‌ನ ಸಾಮಾನ್ಯ ಡೋಸ್ ದಿನಕ್ಕೆ ಒಂದು ಕಿಲೋ ತೂಕಕ್ಕೆ 3ರಿಂದ 5 ಮಿಲಿಗ್ರಾಂ. ಹಳೆಯದು ದಿನಕ್ಕೆ ಒಂದು ಕಿಲೋ ತೂಕಕ್ಕೆ 1.5 ಮಿಲಿಗ್ರಾಂ ದಾಟುವಂತಿಲ್ಲ, ದಾಟಿದರೆ ಹೃದಯವೇ ನಿಲ್ಲಬಹುದು. ಚೀಟಿಯಲ್ಲಿ ಬರೀ 'ಆಂಫೊಟೆರಿಸಿನ್' ಅಂತ ಇದ್ದರೆ, ಯಾವುದು ಅಂತ ಬರೆದವರನ್ನೇ ಕೇಳಿ ತಿಳಿದ ಮೇಲೆ ವಯಲ್ ಕೈಗೆತ್ತಿಕೊಳ್ಳಿ.