ವ್ಯಾಯಾಮದ ಮರುದಿನದ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವೇ?

ಪ್ರಶ್ನೆ: ಬಹಳ ತಿಂಗಳುಗಳ ನಂತರ ಮತ್ತೆ ವ್ಯಾಯಾಮ ಶುರು ಮಾಡಿದೆ. ಮೊದಲ ದಿನ ಏನೂ ಅನಿಸಲಿಲ್ಲ, ಎರಡನೆಯ ದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋವು. ಸ್ನಾಯುಗಳಲ್ಲಿ ಸೇರಿಕೊಂಡ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುವುದು ಹೇಗೆ?

ಉತ್ತರ: ಹೊರಹಾಕಲು ಅಲ್ಲಿ ಏನೂ ಉಳಿದಿಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಅದೇ ರೂಪದಲ್ಲಿ ಮರಳಿ ಬರುತ್ತಿರುವುದರಿಂದ ಈ ಬಾರಿ ಬುಡದಿಂದಲೇ ಹೇಳುತ್ತೇನೆ.

ವಿಶ್ರಾಂತಿಯಲ್ಲಿರುವಾಗ ಒಂದು ಲೀಟರ್ ರಕ್ತದಲ್ಲಿ ಸುಮಾರು 1 ಮಿಲಿಮೋಲ್ ಲ್ಯಾಕ್ಟೇಟ್ (ದೇಹದೊಳಗೆ ಲ್ಯಾಕ್ಟಿಕ್ ಆಮ್ಲ ಇರುವ ರೂಪ) ಇರುತ್ತದೆ. ಏದುಸಿರು ಬಿಡುವಂತೆ ಓಡಿದಾಗ ಅದು 15ನ್ನೂ ದಾಟಬಹುದು. ಆದರೆ ಓಟ ನಿಲ್ಲಿಸಿದ ಒಂದು, ಒಂದೂವರೆ ಗಂಟೆಯೊಳಗೆ ಅದು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ನಿಮ್ಮ ನೋವು ತಾರಕಕ್ಕೇರುವುದು 24ರಿಂದ 72 ಗಂಟೆಗಳ ನಡುವೆ. ಸಂಜೆಯೇ ಊರು ಬಿಟ್ಟವನ ತಲೆಗೆ ಮರುರಾತ್ರಿಯ ಕಳ್ಳತನವನ್ನು ಕಟ್ಟಿದಂತಾಯಿತು.

ಈ ಅಪವಾದದ ಮೂಲ ಕಪ್ಪೆಯ ಕಾಲಿನಲ್ಲಿದೆ. 1907ರಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ಎಂಬ ವಿಜ್ಞಾನಿಗಳು, ದೇಹದಿಂದ ಬೇರ್ಪಡಿಸಿದ ಕಪ್ಪೆಯ ಸ್ನಾಯುವನ್ನು ದಣಿಯುವವರೆಗೆ ಪ್ರಚೋದಿಸಿದಾಗ ಅದರಲ್ಲಿ ಲ್ಯಾಕ್ಟಿಕ್ ಆಮ್ಲ ಸಂಗ್ರಹವಾಗುವುದನ್ನು ತೋರಿಸಿದರು. ಆಮ್ಲಜನಕ ಒದಗಿಸಿದಾಗ ಅದು ಇಳಿದುಹೋಗುವುದನ್ನೂ ಅವರೇ ತೋರಿಸಿದ್ದರು, ಆದರೆ ಆ ಅರ್ಧವನ್ನು ನೆನಪಿಟ್ಟುಕೊಂಡವರು ಕಡಿಮೆ. ರಕ್ತಸಂಚಾರವೇ ಇಲ್ಲದ ಸ್ನಾಯುವಿನಲ್ಲಿ ಕಂಡದ್ದನ್ನು ಓಡಾಡುವ ಮನುಷ್ಯನಿಗೆ ಅನ್ವಯಿಸಿದ್ದೇ ಎಡವಟ್ಟು. ಜೀವಂತ ದೇಹದಲ್ಲಿ ಲ್ಯಾಕ್ಟೇಟ್ ಕಸವಲ್ಲ. ಹೃದಯವೂ ಇತರ ಸ್ನಾಯುಗಳೂ ಅದನ್ನು ಇಂಧನವಾಗಿ ಉರಿಸುತ್ತವೆ, ಯಕೃತ್ತು ಅದರಿಂದ ಮತ್ತೆ ಗ್ಲೂಕೋಸ್ ತಯಾರಿಸುತ್ತದೆ.

ಇಷ್ಟಕ್ಕೂ ಒಪ್ಪದವರಿಗಾಗಿ 1983ರಲ್ಲಿ ಪ್ರಕಟವಾದ ಒಂದು ಸರಳ ಪ್ರಯೋಗವಿದೆ. ಕೆಲವರನ್ನು ಟ್ರೆಡ್‌ಮಿಲ್ ಮೇಲೆ ಸಮತಟ್ಟಾಗಿಯೂ ಇಳಿಜಾರಿನಲ್ಲಿಯೂ ಓಡಿಸಿ ನೋಡಲಾಯಿತು. ಸಮತಟ್ಟಿನ ಓಟದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿತು, ಆದರೆ ಮುಂದಿನ ದಿನಗಳಲ್ಲಿ ಗಮನಾರ್ಹ ನೋವು ಬರಲಿಲ್ಲ. ಇಳಿಜಾರಿನ ಓಟದಲ್ಲಿ ಆಮ್ಲ ಏರಲೇ ಇಲ್ಲ, ನೋವು ಮಾತ್ರ ಚೆನ್ನಾಗಿಯೇ ಬಂತು. ಇನ್ನೊಂದು ಸಾಕ್ಷ್ಯವೆಂದರೆ ಮೆಕ್‌ಆರ್ಡಲ್ ಕಾಯಿಲೆ: ಈ ರೋಗಿಗಳ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೊಜೆನ್ ಒಡೆಯಲಾರವಾದ್ದರಿಂದ ಶ್ರಮದ ವೇಳೆ ಲ್ಯಾಕ್ಟೇಟ್ ಏರುವುದೇ ಇಲ್ಲ, ಆದರೂ ಅವರು ಬೇಗನೆ ದಣಿಯುತ್ತಾರೆ, ಸ್ನಾಯುಗಳು ಹಿಡಿದುಕೊಂಡು ನೋಯುತ್ತವೆ.

ಹಾಗಾದರೆ ನಿಜವಾದ ಕಾರಣವೇನು? ಭಾರವನ್ನು ತಡೆಯುತ್ತಲೇ ಸ್ನಾಯು ಉದ್ದವಾಗಬೇಕಾದ ಕೆಲಸಗಳಲ್ಲಿ, ಅಂದರೆ ಇಳಿಜಾರಿನಲ್ಲಿ ಓಡುವಾಗ ಅಥವಾ ಎತ್ತಿದ ಭಾರವನ್ನು ನಿಧಾನವಾಗಿ ಕೆಳಗಿಳಿಸುವಾಗ, ಸ್ನಾಯುತಂತುಗಳಲ್ಲಿ ಸೂಕ್ಷ್ಮ ಹಾನಿಯಾಗುತ್ತದೆ. ಅದರ ದುರಸ್ತಿಗೆಂದು ಶುರುವಾಗುವ ಉರಿಯೂತದ ಪ್ರಕ್ರಿಯೆಯಲ್ಲಿ ನೋವಿನ ನರಗಳು ಸೂಕ್ಷ್ಮವಾಗುತ್ತವೆ, ಇದಕ್ಕೆ ಗಂಟೆಗಳಲ್ಲ, ದಿನಗಳೇ ಬೇಕು. ಕಪ್ಪೆಯ ಪ್ರಯೋಗಕ್ಕೂ ಐದು ವರ್ಷ ಮೊದಲೇ, 1902ರಲ್ಲಿ, ಥಿಯೋಡರ್ ಹಾಫ್ ಎಂಬ ಅಮೆರಿಕದ ವಿಜ್ಞಾನಿ ಸ್ನಾಯುವಿನೊಳಗೆ ಆಗುವ ಹರಿಯುವಿಕೆಯೇ ಕಾರಣವಿರಬೇಕೆಂದು ಬರೆದಿದ್ದರು. ಸ್ಟ್ರೆಚಿಂಗ್ ಮಾಡಿದರೆ ನೋವು ಹೋಗುವುದೇ ಎಂದರೆ, ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು. ಹಗುರವಾದ ಓಡಾಟದಿಂದ ತಾತ್ಕಾಲಿಕ ಆರಾಮ ಸಿಗುತ್ತದೆ, ಉಳಿದದ್ದನ್ನು ಕಾಲಕ್ಕೇ ಬಿಡಬೇಕು.

ನೀವು ಕೇಳಿಲ್ಲ, ಆದರೂ ಇದನ್ನು ಹೇಳದೆ ಬಿಡಲಾರೆ: ನೋವು ಬರದಿದ್ದರೆ ವ್ಯಾಯಾಮ ವ್ಯರ್ಥವಾಯಿತೆಂದು ತಿಳಿಯುವುದು ಇದೇ ಮಿಥ್ಯೆಯ ತಮ್ಮ. ಅದೇ ವ್ಯಾಯಾಮವನ್ನು ಒಂದೆರಡು ವಾರಗಳ ನಂತರ ಮಾಡಿ ನೋಡಿ, ನೋವು ಬಹಳ ಕಡಿಮೆಯಿರುತ್ತದೆ, ಏಕೆಂದರೆ ಒಂದೇ ಸಲದ ಅನುಭವದಿಂದಲೂ ಸ್ನಾಯು ಹೊಂದಿಕೊಂಡಿರುತ್ತದೆ. ಪ್ರಗತಿ ತಿಳಿಯಬೇಕಿದ್ದರೆ ಎತ್ತಿದ ಭಾರವನ್ನೂ ಓಡಿದ ದೂರವನ್ನೂ ಬರೆದಿಡಿ. ನೋವು ವಿಪರೀತವಾಗಿ, ಸ್ನಾಯು ಊದಿಕೊಂಡು, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಅದು ಈ ಸಾಮಾನ್ಯ ನೋವಲ್ಲ. ಒಡೆದ ಸ್ನಾಯುವಿನ ಅಂಶಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು, ಅಂದೇ ವೈದ್ಯರನ್ನು ಕಾಣಿ.